ಪದಚರ್ಚೆ: ವಿಮಾನದ ‘ಸ್ಟಾಲ್’ಗೆ ‘ಸ್ಥಗಿತ’ ಸರಿಯೇ?

ಬಲ್ಲವರಿಗೆಲ್ಲ ಬೆಳಗಾವಿಯಿಂದ ಶರಣು.

ಸಣ್ಣ ಖಾಸಗಿ ವಿಮಾನಗಳು ಇಳಿಯುವಾಗ ಆಗುವ ಅವಘಡಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ‘ಸ್ಟಾಲ್’ ಹತ್ತಿರ ಬಂದು ನಿಂತಿದ್ದೇನೆ. ‘ವಿಮಾನ ಸ್ಥಗಿತಗೊಂಡಿತು’ ಎಂದರೆ ಓದುವವರು ಎಂಜಿನ್ ಬಂದ್ ಬಿತ್ತು ಅಂತಲೇ ತಿಳಿಯುತ್ತಾರೆ. ಆದರೆ ಎಂಜಿನ್ ತನ್ನ ಪಾಡಿಗೆ ಓಡುತ್ತಲೇ ಇರಬಹುದು. ಎದುರುಗಾಳಿಗೆ ರೆಕ್ಕೆ ಸುಮಾರು 15–18 ಡಿಗ್ರಿ ಮೀರಿ ಓರೆಯಾದರೆ, ಅದರ ಬೆನ್ನ ಮೇಲೆ ಅಂಟಿ ಹರಿಯುತ್ತಿದ್ದ ಗಾಳಿ ಕಳಚಿಕೊಂಡು ಎತ್ತುವ ಬಲ ಕುಸಿಯುತ್ತದೆ. ನೆಲ ಇನ್ನೂ ಎರಡಾಳು ಕೆಳಗಿರುವಾಗಲೇ ಮೂತಿ ಎತ್ತಿ ವೇಗ ಕಳೆದುಕೊಂಡ ವಿಮಾನ ದೊಪ್ಪನೆ ಬೀಳುವುದು ಇದರಿಂದಲೇ. ದಣಿದವರು ‘ಕಾಲು ಸೋತವು’ ಅನ್ನುತ್ತಾರಲ್ಲ, ಹಾಗೆ ‘ರೆಕ್ಕೆ ಸೋಲು’ ಅನ್ನಬಹುದೇ? ಕಾವ್ಯವಾಯಿತು ಅನ್ನುವವರಿದ್ದಾರು. ನನಗಂತೂ ‘ಸ್ಥಗಿತ’ಕ್ಕಿಂತ ಇದೇ ವಾಸಿ.

ಎರಡನೆಯದು ‘ಬೌನ್ಸ್’. ವೇಗ ಹೆಚ್ಚಿದ್ದರೆ ಗಾಲಿ ನೆಲ ಮುಟ್ಟಿದರೂ ವಿಮಾನ ಮತ್ತೆ ಮೇಲೇಳುತ್ತದೆ. ಪೈಲಟ್ ಗಾಬರಿಯಾಗಿ ಮೂತಿ ತಗ್ಗಿಸಿದನೋ, ಮುಂಗಾಲಿ ಮೊದಲು ಬಡಿದು ಇನ್ನೂ ಜೋರಾಗಿ ಪುಟಿಯುತ್ತದೆ. ಇದೇ ಎರಡು ಮೂರು ಸಲ ನಡೆದರೆ ಮುಂಗಾಲಿ ಮುರಿದು ಪ್ರೊಪೆಲರ್ ನೆಲಕ್ಕೆ ಬಡಿಯಬಹುದು. ಅದಕ್ಕೇ, ಪುಟಿದಾಗ ಎಂಜಿನ್ನಿಗೆ ಪೂರ್ತಿ ಕಸುವು ಕೊಟ್ಟು ಮೇಲೇರಿ, ಒಂದು ಸುತ್ತು ಹಾಕಿ ಬಂದು ಇಳಿಯಿರಿ ಎಂದೇ ಕಲಿಸುತ್ತಾರೆ. ಚೆಂಡು ಒಮ್ಮೆ ಪುಟಿದ ಮೇಲೆ ಹಿಡಿದರೂ ಔಟ್ ಎನ್ನುವುದಕ್ಕೆ ನಮ್ಮ ಓಣಿಯ ಕ್ರಿಕೆಟ್ಟಿನಲ್ಲಿ ‘ಒಂದ್ ಟಪ್ಪಾ ಔಟ್’ ಅನ್ನುತ್ತಾರೆ. ಮರಾಠಿ ನೆರೆಯ ಊರು ನೋಡಿ! ‘ಎರಡನೇ ಟಪ್ಪಾಕ್ಕೆ ಗಾಲಿ ಮುರಿಯಿತು’ ಎಂದು ಬರೆದರೆ ಮೈಸೂರು ಕಡೆಯವರಿಗೆ ತಿಳಿದೀತೆ? ‘ಪುಟಿತ’ ಎಲ್ಲರಿಗೂ ತಿಳಿಯುತ್ತದೆ, ಆದರೆ ಸೆಸ್ನಾ 172ರಂಥ ಟನ್ ತೂಗುವ ಯಂತ್ರಕ್ಕೆ ಅದು ತೀರ ಹಗುರ ಅನಿಸುತ್ತಿದೆ.

ನೆಲದ ಮೇಲೆ ಓಡುವಾಗ ವಿಮಾನ ಗರ್ರನೆ ಸುತ್ತಿಬಿಡುವ ‘ಗ್ರೌಂಡ್ ಲೂಪ್’ಗೆ ‘ಗಿರಕಿ’ ಎಂದಿಟ್ಟಿದ್ದೇನೆ. ಬಾಲಗಾಲಿಯ ವಿಮಾನಗಳಲ್ಲಿ ಭಾರ ಮುಖ್ಯ ಗಾಲಿಗಳ ಹಿಂದಿರುವುದರಿಂದ, ಅಡ್ಡಗಾಳಿಗೆ ಸೊಟ್ಟ ತಿರುಗಿದರೆ ಬಾಲವೇ ಮುಂದಕ್ಕೆ ನುಗ್ಗುತ್ತದೆ. ಇದಕ್ಕೆ ಯಾರ ತಕರಾರೂ ಇರಲಿಕ್ಕಿಲ್ಲ.

ಕಡೆಯದು ‘ಪತನ’. 2023ರ ಮೇ ಕೊನೆಗೆ ನಮ್ಮೂರ ವಿಮಾನ ನಿಲ್ದಾಣವಿರುವ ಸಾಂಬ್ರಾ ಸಮೀಪದ ಹೊಲದಲ್ಲಿ ತರಬೇತಿ ವಿಮಾನವೊಂದು ತುರ್ತಾಗಿ ಇಳಿಯಿತು, ಒಳಗಿದ್ದ ಇಬ್ಬರೂ ಬದುಕಿದರು. ಪೈಲಟ್ ಹಿಡಿತದಲ್ಲಿಟ್ಟುಕೊಂಡು ಇಳಿಸಿದ್ದಕ್ಕೂ ಆಕಾಶದಿಂದ ಉರುಳಿದ್ದಕ್ಕೂ ‘ಪತನ’ವೊಂದೇ ಸಾಲದು. ‘ತುರ್ತು ಭೂಸ್ಪರ್ಶ’ ರನ್‌ವೇ ಮೇಲೂ ಆಗುತ್ತದೆ. ದಾರಿಯಿಲ್ಲದೆ ಹೊಲಕ್ಕೆ ಇಳಿಸುವುದಕ್ಕೆ ನಿಮ್ಮ ಕಡೆ ಯಾವ ಮಾತು ಬಳಸುತ್ತೀರಿ? ‘ಅನಿವಾರ್ಯ ಇಳಿಕೆ’ ಬೇಡ, ಅದು ಸರ್ಕಾರಿ ಸುತ್ತೋಲೆಯ ಹಾಗಿದೆ.