ತುಕ್ಕು ಹಿಡಿದ ಉಕ್ಕಿನ ಶಿಲ್ಪಕ್ಕೆ ಬಣ್ಣ ಯಾಕೆ ಬಳಿಯಲ್ಲ?

ಅಲೆಮಾರಿ:
ಕಳೆದ ವಾರ ಒಂದು ಬಯಲು ಶಿಲ್ಪವನದಲ್ಲಿ ಎರಡಾಳೆತ್ತರದ ಉಕ್ಕಿನ ಗೋಡೆ ನೋಡಿದೆ. ಅದು ಏನನ್ನೂ ಹೋಲಲ್ಲ, ಸುಮ್ಮನೆ ಬಾಗಿ ನಿಂತಿದೆ. ಮೈತುಂಬ ತುಕ್ಕು. ಒರಗಿದ್ದಕ್ಕೆ ನನ್ನ ಬಿಳಿ ಅಂಗಿಯೂ ಕೆಂಪಾಯ್ತು. ಇಷ್ಟು ದುಡ್ಡು ಸುರಿದವರಿಗೆ ಒಂದು ಕೋಟ್ ಪೇಂಟ್ ಹೊಡೆಸೋಕೆ ಏನು ಕಷ್ಟ? ತುಕ್ಕು ತಿಂದು ಒಂದಿನ ಬೀಳಲ್ವಾ?

ಬೆಸುಗೆ ಕೈ:
ಅಂಗಿಗೆ ಬೇಜಾರು ಮಾಡ್ಕೋಬೇಡಿ. ಇಂಥ ಶಿಲ್ಪಗಳಿಗೇ ಹನ್ನೆರಡು ವರ್ಷ ವೆಲ್ಡಿಂಗ್ ಮಾಡಿದವನು ನಾನು, ನನ್ನ ಹತ್ರ ಕೆಂಪಾಗದ ಅಂಗಿಯೇ ಇಲ್ಲ.

ನೀವು ನೋಡಿದ್ದು ಕೋರ್-ಟೆನ್ ಥರದ ಉಕ್ಕು ಇರಬೇಕು. ಅದರಲ್ಲಿ ಸ್ವಲ್ಪ ತಾಮ್ರ, ಕ್ರೋಮಿಯಂ, ನಿಕಲ್ ಬೆರೆತಿರುತ್ತೆ. ಮಾಮೂಲಿ ಕಬ್ಬಿಣದ ತುಕ್ಕು ಉದುರಿ ಒಳಗಿನದನ್ನೂ ತಿನ್ನುತ್ತಾ ಹೋಗುತ್ತೆ. ಇದರದ್ದು ಹಾಗಲ್ಲ, ಗಟ್ಟಿಯಾಗಿ ಕಚ್ಚಿಕೊಂಡು ತುಕ್ಕಿನ ವೇಗವನ್ನೇ ತಗ್ಗಿಸುತ್ತೆ. ಷಿಕಾಗೋದಲ್ಲಿ ಪಿಕಾಸೊನ 50 ಅಡಿ ಶಿಲ್ಪ 1967ರಿಂದ ಹೀಗೇ ನಿಂತಿದೆ.

ಷರತ್ತು ಒಂದೇ: ನೆನೆಯಬೇಕು, ಒಣಗಬೇಕು. ಸದಾ ಒದ್ದೆಯಿದ್ರೆ, ಕಡಲ ಉಪ್ಪುಗಾಳಿ ಹೊಡೀತಿದ್ರೆ ಆ ಪದರ ಸರಿಯಾಗಿ ಕೂರಲ್ಲ. ಅದಕ್ಕೇ ನಾನು ಯಾವ ಶಿಲ್ಪ ನೋಡಿದ್ರೂ ಮೊದಲು ಬುಡ ನೋಡ್ತೀನಿ, ತಲೆ ಆಮೇಲೆ.

ಮತ್ತೆ, ಒಂದೇ ಸಮ ತುಕ್ಕು ಹಿಡಿಸೋದು ಪೇಂಟ್ ಹೊಡೆದಷ್ಟು ಸುಲಭ ಅಂದ್ಕೋಬೇಡಿ. ಕಾರ್ಖಾನೆಯಿಂದ ಬಂದ ಕರಿ ಪೊರೆಯನ್ನ ಬ್ಲಾಸ್ಟಿಂಗ್ ಮಾಡಿ, ಅಂದ್ರೆ ಮರಳಿನಂಥ ಕಣಗಳನ್ನ ರಭಸವಾಗಿ ಎರಚಿ ತೆಗೀಬೇಕು, ಇಲ್ಲದಿದ್ರೆ ತೇಪೆ ತೇಪೆ. ಒಮ್ಮೆ ಅವಸರದಲ್ಲಿ ಮಾಮೂಲಿ ರಾಡ್ ಹಾಕಿ ಬೆಸೆದೆ. ನಾಲ್ಕು ಮಳೆ ಬಿದ್ದ ಮೇಲೆ ಇಡೀ ಮೈ ಕಂದು, ನನ್ನ ಬೆಸುಗೆ ಮಾತ್ರ ಬೇರೆ ಬಣ್ಣ, ಹೊಲಿಗೆ ಹಾಕಿದ ಗಾಯದ ಹಾಗೆ! ಅಷ್ಟನ್ನೂ ಗ್ರೈಂಡ್ ಮಾಡಿ, ನಿಕಲ್ ಇರೋ ರಾಡಲ್ಲಿ ಮತ್ತೆ ಬೆಸೆದೆ.

ಮೂಲೆಮನೆ:
ಬಣ್ಣ ಬಳಿದವೂ ಇವೆ. ಅದೇ ಷಿಕಾಗೋದಲ್ಲಿ ಶಿಲ್ಪಿ ಕಾಲ್ಡರ್‌ನ ಉಕ್ಕಿನ ಶಿಲ್ಪ 'ಫ್ಲೆಮಿಂಗೊ' (1974) ಕೆಂಪಗೆ ಹೊಳೆಯುತ್ತೆ. ತುಕ್ಕಿನದ್ದೇ ಜಗಳ ಬೇಕಾ? ಶಿಲ್ಪಿ ರಿಚರ್ಡ್ ಸೆರಾನ 'ಟಿಲ್ಟೆಡ್ ಆರ್ಕ್' ನೋಡಿ. 120 ಅಡಿ ಉದ್ದ, 12 ಅಡಿ ಎತ್ತರದ ಗೋಡೆಯನ್ನ 1981ರಲ್ಲಿ ನ್ಯೂಯಾರ್ಕಿನ ಒಂದು ಸರ್ಕಾರಿ ಕಚೇರಿ ಚೌಕದಲ್ಲಿ ಅಡ್ಡ ನಿಲ್ಲಿಸಿದ್ರು. ದಾರಿಗೆ ಅಡ್ಡ ಅಂತ ನೌಕರರ ತಕರಾರು. 1989ರಲ್ಲಿ ರಾತ್ರೋರಾತ್ರಿ ತುಂಡು ಮಾಡಿ ಸಾಗಿಸಿದ್ರು. ನಾನಂತೂ ನೌಕರರ ಪರ. ದಿನಾ ಅದನ್ನ ಸುತ್ತಿ ಬಳಸಿ ಓಡಾಡಬೇಕಿದ್ದವರು ಅವರು ತಾನೇ?

ಬೆಸುಗೆ ಕೈ:
ನಾನು ಒಪ್ಪಲ್ಲ ಸಾರ್. ಅದು ಆ ಚೌಕಕ್ಕೆ ಅಂತಲೇ ಮಾಡಿದ್ದು. ಅಲ್ಲಿಂದ ಎತ್ತಿದ ಮೇಲೆ ಉಳಿಯೋದು ಗುಜರಿ.

ಅಲೆಮಾರಿ:
ಇವತ್ತು ಮತ್ತೆ ಹೋಗಿ ಬುಡ ನೋಡಿದೆ. ಒಂದು ಮೂಲೆಯಲ್ಲಿ ತರಗೆಲೆ ರಾಶಿ ಬಿದ್ದು ಕೊಳೀತಿತ್ತು. ಸರಿಸಿದ್ರೆ ಉಕ್ಕು ಇನ್ನೂ ಒದ್ದೆ, ಉಗುರಲ್ಲಿ ಕೆರೆದ್ರೆ ತುಕ್ಕು ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಕಾವಲುಗಾರರಿಗೆ ತೋರಿಸಿದೆ, ಪೊರಕೆ ತಂದ್ರು. ಈ ಸಲ ಕಂದು ಅಂಗಿ ಹಾಕ್ಕೊಂಡು ಹೋಗಿದ್ದೆ.