ಸಹಾಯ ಬೇಕು: ಹರಟೆಗೂ ಜಾಗ ಇರುವ ಆನ್‌ಲೈನ್ ವ್ಯಾಯಾಮ ಕ್ಲಾಸ್ ಇದೆಯಾ?

ಎಲ್ಲರಿಗೂ ನಮಸ್ಕಾರ. ನಾವು ರಾಯಚೂರಿನವರು. ಅಮ್ಮನಿಗೆ 66 ವರ್ಷ. ಇಲ್ಲಿನ ಬಿಸಿಲು ಗೊತ್ತಲ್ಲ, ಬೇಸಿಗೆಯಲ್ಲಿ ವಾಕಿಂಗ್ ಕಷ್ಟ. ಅದಕ್ಕೇ ಆನ್‌ಲೈನ್ ಕ್ಲಾಸಿಗೆ ಸೇರಿಸಿದೆವು. ವ್ಯಾಯಾಮ ಚೆನ್ನಾಗಿಯೇ ಮಾಡಿಸುತ್ತಾರೆ. ಆದರೆ ಎಲ್ಲರೂ ಮ್ಯೂಟ್, ಅರ್ಧ ಜನರ ಕ್ಯಾಮೆರಾ ಆಫ್, ಮುಗಿದ ತಕ್ಷಣ ಎಲ್ಲರೂ ಮಾಯ. "ಮಾತಾಡಾಕ ಒಬ್ರೂ ಇಲ್ಲ, ಯಾಕ ಬೇಕವ್ವ ಇದು" ಅಂತ ಅಮ್ಮ ಈಗ ಸುಮ್ನೆ ತಪ್ಪಿಸುತ್ತಿದ್ದಾರೆ.

65 ದಾಟಿದವರು ವಾರಕ್ಕೆ 3 ದಿನವಾದರೂ ಸಮತೋಲನದ ವ್ಯಾಯಾಮ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಬಿಡಿಸಲು ಮನಸ್ಸಿಲ್ಲ.

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಹೆಣ್ಣುಮಕ್ಕಳ ಸಣ್ಣ ಬ್ಯಾಚ್ ಯಾವುದಾದರೂ ಗೊತ್ತಾ? ಇಲ್ಲದಿದ್ದರೆ ನಾವೇ ಶುರು ಮಾಡೋಣ. ಗೂಗಲ್ ಮೀಟ್‌ನಲ್ಲಿ 60 ನಿಮಿಷ ಉಚಿತ. 40 ನಿಮಿಷ ವ್ಯಾಯಾಮ, ಉಳಿದದ್ದು ಹರಟೆ. ಕನ್ನಡದಲ್ಲಿ ಹೇಳಿಕೊಡುವವರು ಇದ್ದರೆ ದಯವಿಟ್ಟು ತಿಳಿಸಿ, ಫೀಸ್ ಕೊಡುತ್ತೇವೆ.