ಮೆಟಲ್ ಕ್ಲೇಗೆ ಕನ್ನಡದಲ್ಲಿ ಏನನ್ನೋಣ? ಗುರುವಾರದೊಳಗೆ ಬೋರ್ಡಿಗೆ ಬೇಕು

ಬೆಳಗಾವಿಯಿಂದ

ಎಲ್ಲರಿಗೂ ನಮಸ್ಕಾರ. ಖಡೇಬಜಾರ್ ಹತ್ತಿರ ನಾವು ಕೆಲವು ಹೆಂಗಸರು ಸೇರಿ ಒಂದು ಸಣ್ಣ ಅಂಗಡಿ ತೆರೆಯುತ್ತಿದ್ದೇವೆ. ಕಂಚು ಮತ್ತು ತಾಮ್ರದ ಮೆಟಲ್ ಕ್ಲೇಯಿಂದ ಜುಮಕಿ, ಪದಕ, ಉಂಗುರ ಮಾಡಿ ಮಾರುತ್ತೇವೆ, ಕಲಿಸುತ್ತೇವೆ ಕೂಡ. ಪೇಂಟರ್ ಗುರುವಾರ ಬರುತ್ತಾರೆ. ರಾಜ್ಯದ ಕನ್ನಡ ಭಾಷಾ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ಆದ ಮೇಲೆ ಅಂಗಡಿ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಲೇಬೇಕು. ಕಾಯ್ದೆ ಇಲ್ಲದಿದ್ದರೂ ನಾವು ಕನ್ನಡದಲ್ಲೇ ಬರೆಸುತ್ತಿದ್ದೆವು. ಆದರೆ ಬರೆಯುವುದು ಏನು?

ವಸ್ತು ಏನೆಂದು ಹೇಳುತ್ತೇನೆ. ಲೋಹದ ಬಹಳ ನುಣ್ಣನೆ ಪುಡಿ, ಸ್ವಲ್ಪ ಅಂಟು, ನೀರು. ಕೈಯಲ್ಲಿ ನಾದಬಹುದು, ಲಟ್ಟಿಸಬಹುದು, ಅಚ್ಚು ಒತ್ತಬಹುದು. ಒಣಗಿಸಿ ಸುಟ್ಟರೆ ಅಂಟು ಉರಿದು ಹೋಗುತ್ತದೆ, ಪುಡಿಯ ಕಣಗಳು ಕರಗದೆಯೇ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಕೊನೆಗೆ ಕೈಗೆ ಸಿಗುವುದು ಅಪ್ಪಟ ಕಂಚು ಅಥವಾ ತಾಮ್ರ. 1990ರ ಆಸುಪಾಸಿನಲ್ಲಿ ಜಪಾನಿನ ಮಿತ್ಸುಬಿಷಿ ಮೆಟೀರಿಯಲ್ಸ್‌ನವರು ಮೊದಲು ಇದನ್ನು ಹೊರತಂದರು, ಬೆಳ್ಳಿಯದು ಬೇಗ ಹರಡಿತು. ಕಂಚಿನದು 2008ರಲ್ಲಿ ಅಮೆರಿಕದ ಬಿಲ್ ಸ್ಟ್ರೂವ್ ಅವರಿಂದ ಬಂತು.

ಬೋರ್ಡಿಗೆ ಮೆಟಲ್ ಕ್ಲೇ ಅನ್ನುವುದಕ್ಕೆ ಒಂದು ಪದ ಬೇಕು. ಕಲಿಯುವವರಿಗೆ ಕೊಡುವ ಕರಪತ್ರಕ್ಕೆ ಇನ್ನೂ ಕೆಲವು: ಕಿಲ್ನ್ (ಸುಡುವ ಒಲೆ), ಫೈರಿಂಗ್ (ಸುಡುವುದು), ಸಿಂಟರಿಂಗ್ (ಕಣಗಳು ಕರಗದೆ ಬೆಸೆದುಕೊಳ್ಳುವುದು), ಸುಡುವ ಮೊದಲಿನ ಒಣ ತುಂಡು, ಚೂರು ಅಂಟಿಸುವ ತೆಳು ಪೇಸ್ಟ್.

ವಿಜಯಪುರದಿಂದ

ಲೋಹಮೃತ್ತಿಕೆ. ಯಾರಾದರೂ ಲೋಹಮಣ್ಣು ಎಂದು ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ, ಅದು ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಕೂಡಿಸಿದ ದೋಷ. ಬೇಡ.

ಜಮಖಂಡಿಯಿಂದ

ಮೃತ್ತಿಕೆ ಅಂದರೆ ಸಂತೆಗೆ ಬಂದ ಹೆಣ್ಣುಮಗಳಿಗೆ ಏನು ತಿಳಿಯಬೇಕು ಸರ್? ಮಳೆಗಾಲ ಅನ್ನುವಾಗ ಯಾರೂ ಅರಿಸಮಾಸ ಹುಡುಕುತ್ತಾ ಕೂರುವುದಿಲ್ಲ.

ನನ್ನ ಸೂಚನೆ ಬೇರೆ. ತಾಮ್ರ ಸಂಸ್ಕೃತ, ಕಂಚು ತದ್ಭವ. ನಮ್ಮದೇ ಹಳೆಯ ಪದ ಚೆಂಬು. ಇವತ್ತು ಪಾತ್ರೆಗೆ ಮಾತ್ರ ಉಳಿದಿದೆ, ಮೊದಲು ಲೋಹಕ್ಕೇ ಆ ಹೆಸರು. ಕೆಂಪು ಬಣ್ಣದ ಲೋಹ, ಆದ್ದರಿಂದ ಚೆಂಬು. ಚೆಂಬುಮಣ್ಣು ಅನ್ನಿ. ಎರಡೂ ಕನ್ನಡ, ಸಮಾಸಕ್ಕೆ ಯಾವ ದೋಷವೂ ಇಲ್ಲ.

ವಿಜಯಪುರದಿಂದ

ಚೆಂಬು ನಮ್ಮದೇ ಆಗಿದ್ದರೆ ಕೆಂಬು ಆಗಬೇಕಿತ್ತು. ನಮ್ಮ ಕಿವಿ ತಮಿಳಿನಲ್ಲಿ ಚೆವಿ, ನಮ್ಮ ಕೆಯ್ (ಮಾಡು) ಅಲ್ಲಿ ಚೆಯ್. ಇ, ಎ ಮುಂದೆ ಬಂದಾಗ ಕಕಾರ ಚಕಾರ ಆಗುವುದು ತಮಿಳಿನಲ್ಲಿ, ಕನ್ನಡದಲ್ಲಿ ಅಲ್ಲ. ಸಂಸ್ಕೃತ ಬೇಡವೆಂದು ತಮಿಳಿನಿಂದ ಎರವಲು ತಂದು ಅಚ್ಚಗನ್ನಡ ಅನ್ನುತ್ತೀರಿ. ಮುಂದೆ ಹೋಗೋಣ.

ಬೆಳಗಾವಿಯಿಂದ

ಸರ್, ಇಬ್ಬರಿಗೂ ಒಂದು ಮಾತು. ಮಣ್ಣು, ಮೃತ್ತಿಕೆ ಎರಡೂ ನಮಗೆ ಕಷ್ಟ. ಈಗ ಊರ ತುಂಬ ಟೆರಾಕೋಟಾ ಒಡವೆ ಸಿಗುತ್ತದೆ. ಬೋರ್ಡಿನಲ್ಲಿ ಮಣ್ಣು ಅಂತ ಕಂಡರೆ ಗಿರಾಕಿ ಆ ಬೆಲೆಗೇ ಕೇಳುತ್ತಾರೆ. ಕೆಳಗೆ ಬಿದ್ದರೆ ಒಡೆಯುತ್ತದಾ ಅಂತಲೂ ಕೇಳುತ್ತಾರೆ. ಇದರಲ್ಲಿ ಮಣ್ಣಿನ ಒಂದು ಕಣವೂ ಇಲ್ಲ. ಚೆನ್ನಾಗಿ ಸುಟ್ಟ ಕಂಚಿನ ತುಂಡನ್ನು ಅರದಿಂದ ಉಜ್ಜಬಹುದು, ತೂತು ಕೊರೆಯಬಹುದು. ಇಂಗ್ಲಿಷಿನವರು ಕ್ಲೇ ಅಂದದ್ದು ಕೈಗೆ ಹಾಗೆ ಸಿಗುತ್ತದೆ ಅನ್ನುವ ಕಾರಣಕ್ಕೆ. ಆ ಹೆಸರಿನ ಗೊಂದಲವನ್ನೂ ನಾವು ಹೊತ್ತು ತರಬೇಕಾ?

ಬಾಗಲಕೋಟೆಯಿಂದ

ಫೈರಿಂಗ್‌ಗೆ ಪದ ನಮ್ಮಲ್ಲಿ ಸಾವಿರ ವರ್ಷದಿಂದ ಸಿದ್ಧವಾಗಿದೆ: ಪುಟ. ಪುಟಕ್ಕಿಟ್ಟ ಚಿನ್ನ ಅನ್ನುವುದಿಲ್ಲವೇ? ಆಯುರ್ವೇದದ ಪುಟಪಾಕ ನೋಡಿ. ಎರಡು ಮಣ್ಣಿನ ತಟ್ಟೆ ಮುಖಾಮುಖಿ ಇಟ್ಟು, ಮಣ್ಣು ಮೆತ್ತಿದ ಬಟ್ಟೆಯಿಂದ ಸಂದು ಮುಚ್ಚಿ, ಕುಳ್ಳಿನ ಬೆಂಕಿಯಲ್ಲಿ ಸುಡುತ್ತಾರೆ. ನಿಮ್ಮ ಕಂಚನ್ನೂ ಮುಚ್ಚಿದ ಪೆಟ್ಟಿಗೆಯಲ್ಲೇ ಸುಡುವುದು ಅಲ್ವಾ? ಪದ, ಪದ್ಧತಿ ಎರಡೂ ಒಂದೇ. ಪುಟ ಕೊಡುವುದು ಅಂತಲೇ ಬರೆಯಿರಿ.

ಖಾನಾಪುರದಿಂದ

ಪುಟ ಬೇಡ. ನಮ್ಮ ಮನೆತನ ಕುಂಬಾರಿಕೆಯದು, ಊರಿನಲ್ಲಿ ಕುಂಬಾರಿಕೆ ತರಬೇತಿ ಸಂಸ್ಥೆಯೇ ಇದೆ, ಹಂಚಿನ ಭಟ್ಟಿಗಳ ನಡುವೆ ಬೆಳೆದವನು ನಾನು. ಮೆಟಲ್ ಕ್ಲೇ ಕೆಲಸವನ್ನೂ ಕಲಿತಿದ್ದೇನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಪುಟಪಾಕದ ಕೊನೆಗೆ ತಾಮ್ರ ಏನಾಗುತ್ತದೆ? ಭಸ್ಮ. ಅಲ್ಲಿ ಲೋಹ ಲೋಹವಾಗಿ ಉಳಿಯಬಾರದು, ಅದೇ ಅದರ ಗುರಿ. ಚಿನ್ನದ ಪುಟದಲ್ಲಿ ಕೊಳೆ ಹೋಗಬೇಕು. ಇಲ್ಲಿ ಗುರಿ ಪೂರ್ತಿ ಬೇರೆ. ಪುಡಿ ಒಂದಾಗಬೇಕು, ಲೋಹಕ್ಕೆ ಗಾಳಿ ತಾಗಬಾರದು. ಮುಚ್ಚಿದ ಪೆಟ್ಟಿಗೆ ಕಂಡ ಕೂಡಲೇ ಪುಟ ಅಂದರೆ, ಒಡವೆಯನ್ನು ಬೂದಿ ಮಾಡುವ ಪದವನ್ನು ಒಡವೆ ಮಾಡುವವರಿಗೆ ಕೊಟ್ಟ ಹಾಗಾಯಿತು.

ಕೆಲಸ ಹೀಗಿದೆ. ಬೆಳ್ಳಿಯದನ್ನು ಬಯಲಲ್ಲೇ ಗ್ಯಾಸ್ ಟಾರ್ಚಿನಿಂದ ಸುಡಬಹುದು. ತಾಮ್ರ, ಕಂಚು ಹಾಗಲ್ಲ. ಬಿಸಿಯಲ್ಲಿ ಗಾಳಿ ಸಿಕ್ಕರೆ ಪ್ರತಿ ಕಣದ ಮೇಲೂ ಕಪ್ಪು ಪದರ ಕಟ್ಟುತ್ತದೆ, ಮತ್ತೆ ಅವು ಕೂಡುವುದಿಲ್ಲ. ಆದ್ದರಿಂದ ಎರಡು ಸಲ ಸುಡುತ್ತಾರೆ. ಮೊದಲು ಸುಮಾರು 300 ಡಿಗ್ರಿಯಲ್ಲಿ ಅಂಟು ಉರಿದು ಹೋಗಬೇಕು. ಆಮೇಲೆ ಸ್ಟೀಲ್ ಡಬ್ಬಿಯಲ್ಲಿ ಇದ್ದಿಲಿನೊಳಗೆ ಹುಗಿದು, ಮುಚ್ಚಳ ಹಾಕಿ, ಭಟ್ಟಿಯಲ್ಲಿ ಇಡಬೇಕು. ಕಂಚಿಗೆ 820ರಿಂದ 845 ಡಿಗ್ರಿ, ತಾಮ್ರಕ್ಕೆ 980ರ ಹತ್ತಿರ. ಎರಡು–ಮೂರು ತಾಸು ಅದೇ ಬಿಸಿಯಲ್ಲಿ ನಿಲ್ಲಬೇಕು. ಕಂಪನಿಯಿಂದ ಕಂಪನಿಗೆ ಅಳತೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ, ಪೊಟ್ಟಣದ ಮೇಲಿನದನ್ನೇ ನಂಬಬೇಕು. ತಾಮ್ರ ಕರಗುವುದು 1085ಕ್ಕೆ. ಕಂಚಿನಲ್ಲಿ ನೂರಕ್ಕೆ ಹನ್ನೊಂದು ಪಾಲು ತವರ ಇರುವುದರಿಂದ ಅದಕ್ಕಿಂತ ಬಹಳ ಮೊದಲೇ ಮೆತ್ತಗಾಗುತ್ತದೆ. ತಾಮ್ರದ ಬಿಸಿಯಲ್ಲಿ ಕಂಚನ್ನು ಇಟ್ಟರೆ ಗುಳ್ಳೆ ಎದ್ದು ಕುಸಿಯುತ್ತದೆ.

ಇದಕ್ಕೆಲ್ಲ ಕುಂಬಾರನ ಮಾತು ಒಂದೇ: ಸುಡು. ಮೊದಲ ಸುಡು, ಎರಡನೇ ಸುಡು. ಬೇರೆ ಪದ ಯಾಕೆ ಬೇಕು?

ಸುಡುವ ಮೊದಲಿನ ಒಣ ತುಂಡಿಗೆ ಪದ ಕೇಳಿದ್ದೀರಿ. ಹಸಿ. ಒಣಗಿದ್ದನ್ನು ಹಸಿ ಅನ್ನುವುದು ಹೇಗೆ ಅಂತ ಯಾರೂ ಕೇಳಬಾರದು. ಬಿಸಿಲಲ್ಲಿ ಒಣಗಿ ಗಟ್ಟಿಯಾದ ಇಟ್ಟಿಗೆಯನ್ನೂ ಭಟ್ಟಿಗೆ ಹಾಕುವ ತನಕ ಹಸಿ ಇಟ್ಟಿಗೆ ಅಂತಲೇ ಕರೆಯುತ್ತೇವೆ. ಹಸಿ ಗಡಿಗೆಯೂ ಹಾಗೇ. ಬೆಂಕಿ ಕಾಣದ್ದು ಹಸಿ. ಹಸಿ ಪದಕ, ಹಸಿ ಉಂಗುರ ಅನ್ನಿ. ಸುಟ್ಟಾಗ ಸುಮಾರು ಐದನೇ ಒಂದು ಪಾಲು ಕುಗ್ಗುತ್ತದೆ. ಹಸಿ ಅಳತೆ, ಸುಟ್ಟ ಅಳತೆ ಅಂತ ಎರಡು ಕಾಲಂ ಬರೆದರೆ ಉಂಗುರ ಮಾಡುವವರಿಗೆ ಸುಲಭ.

ಇನ್ನು ಬೋರ್ಡಿಗೆ: ಕಣಕ. ಹೋಳಿಗೆ ಕಣಕ ನಾದಿದ ಕೈಗೆ ಈ ಕೆಲಸ ಹೊಸದಲ್ಲ. ಎಣ್ಣೆ ಸವರಿಕೊಂಡು ನಾದುತ್ತೀರಿ, ಒಣಗದಂತೆ ಮುಚ್ಚಿಡುತ್ತೀರಿ, ಲಟ್ಟಿಸುತ್ತೀರಿ. ಕಂಚಿನ ಕಣಕ, ತಾಮ್ರದ ಕಣಕ.

ವಿಜಯಪುರದಿಂದ

ಕಣಕ ಮರಾಠಿಯ ಕಣೀಕ್. ಭಟ್ಟಿಯೂ ಅಲ್ಲಿಂದಲೇ ಬಂದದ್ದು. ಬೆಳಗಾವಿಯಲ್ಲಿ ಕನ್ನಡ ಬೋರ್ಡ್ ಹಾಕಲು ಹೊರಟು ಮರಾಠಿ ಪದ ಬರೆಯುವುದಾದರೆ ಈ ಚರ್ಚೆ ಯಾಕೆ ಬೇಕಿತ್ತು? ಭಟ್ಟಿಗೆ ಆವಿಗೆ ಅನ್ನುವ ಪದ ಇದೆ. ಸತ್ತಿಲ್ಲ ಅದು.

ಜಮಖಂಡಿಯಿಂದ

ಆವಿಗೆ ಎಲ್ಲಿಂದ ಬಂತು ಸರ್? ಸಂಸ್ಕೃತದ ಆಪಾಕದಿಂದ. ಭಟ್ಟಿ ಭ್ರಾಷ್ಟ್ರದಿಂದ. ಎರಡೂ ಒಂದೇ ಮನೆಯ ಮಕ್ಕಳು. ಒಂದು ಮೊದಲು ಬಂತು, ಇನ್ನೊಂದು ಆಮೇಲೆ. ಮೊದಲು ಬಂದದ್ದಕ್ಕೆ ಮಾತ್ರ ಮನೆಯಲ್ಲಿ ಜಾಗ ಅನ್ನುವುದು ಯಾವ ನ್ಯಾಯ? ಕಾಂಸ್ಯ ಕಂಚು ಆದದ್ದನ್ನು ಶಾಲೆಯ ವ್ಯಾಕರಣದಲ್ಲೇ ಓದಿದ್ದೇವೆ. ಅದನ್ನು ಬಿಟ್ಟುಕೊಡುತ್ತೀರಾ? ಹಾಗಿದ್ದರೆ ಕಂಚುಗಾರನನ್ನು ಏನೆಂದು ಕರೆಯುತ್ತೀರಿ?

ಚೆಂಬಿನ ವಿಷಯದಲ್ಲಿ ಚಕಾರದ ವಾದ ಒಪ್ಪುತ್ತೇನೆ. ಆದರೂ ಆ ಪದ ಹಳಗನ್ನಡದ ಕಾಲದಿಂದ ನಮ್ಮ ನಾಲಿಗೆ ಮೇಲಿದೆ.

ವಿಜಯಪುರದಿಂದ

ಬಂದು ಬೆರೆತದ್ದು ಬೇರೆ, ಕಣ್ಣೆದುರಿಗೆ ತಂದು ಹಾಕುವುದು ಬೇರೆ. ನಾನು ಗಡಿಯ ಊರುಗಳಲ್ಲಿ ಮೇಷ್ಟ್ರಾಗಿದ್ದವನು. ಮಕ್ಕಳ ಬಾಯಲ್ಲಿ ಒಂದೊಂದೇ ಪದ ಜಾರಿ ಹೋಗುವುದನ್ನು ನೋಡಿದ್ದೇನೆ. ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿರುವುದು. ಸುಮ್ನೆ ಜಗಳಕ್ಕಲ್ಲ.

ಅಥಣಿಯಿಂದ

ನಮ್ಮ ಕಡೆ ಇಟ್ಟಿಗೆ ಭಟ್ಟಿ ಅನ್ನದವರಿಲ್ಲ. ಆವಿಗೆ ಅಂದರೆ ಇಡ್ಲಿ ಬೇಯಿಸುವ ಆವಿ ಅಂದುಕೊಳ್ಳುತ್ತಾರೆ. ಭಟ್ಟಿಯೇ ಇರಲಿ.

ಇಳಕಲ್ಲಿನಿಂದ

ಮೇಷ್ಟ್ರ ಕಾಳಜಿ ನನಗೂ ಇದೆ. ಆದರೆ ಕಣಕ ಮರಾಠಿಯದು ಮಾತ್ರ ಅನ್ನುವುದು ತಪ್ಪು. ಎರಡು ಭಾಷೆಗೂ ಅದು ಕಣ, ಕಣಿಕದ ಕಡೆಯಿಂದ ಬಂದದ್ದು. ಕರ್ನಾಟಕದ ದಕ್ಷಿಣದ ತುದಿಯ ಹೋಳಿಗೆಗೂ ಕಣಕವೇ. ಬೆಳಗಾವಿಯ ಮರಾಠಿ ಗಿರಾಕಿಗೂ ತಿಳಿಯುತ್ತದೆ ಅಂದರೆ ಅಂಗಡಿಗೆ ಒಳ್ಳೆಯದೇ.

ಅಕ್ಕಾ, ಎರಡು ಎಚ್ಚರಿಕೆ. ಸಮಾಸ ಮಾಡಬೇಡಿ. ಮಾಡಿದರೆ ಆದೇಶಸಂಧಿಯಲ್ಲಿ ಕಕಾರ ಗಕಾರವಾಗಿ ಕಂಚುಗಣಕ ಆಗುತ್ತದೆ, ಓದಿದವರಿಗೆ ಕಂಪ್ಯೂಟರ್ ನೆನಪಾಗುತ್ತದೆ. ಷಷ್ಠಿಯಲ್ಲೇ ಬಿಡಿಸಿ ಬರೆಯಿರಿ. ಇನ್ನೊಂದು, ಪೇಂಟರಿಗೆ ಣಕಾರ ತೋರಿಸಿ ಬರೆಸಿ. ಕಣಕ ಹೋಗಿ ಕನಕ ಆದರೆ ಕಂಚನ್ನು ಬಂಗಾರ ಅಂತ ಮಾರಿದ ಹಾಗಾಗುತ್ತದೆ. ಒಡವೆ ಅಂಗಡಿಗೆ ಅದು ಸಣ್ಣ ತಪ್ಪಲ್ಲ.

ತೆಳು ಪೇಸ್ಟ್‌ಗೆ ಯಾರೋ ರಾಡಿ ಅಂದಾರು, ಬೇಡ, ಹೊಲಸು ಅನ್ನಿಸುತ್ತದೆ. ನಾವು ನೇಕಾರರು ನೂಲಿಗೆ ಗಂಜಿ ಹಾಕುತ್ತೇವೆ. ಕಂಚಿನ ಗಂಜಿ ಅನ್ನಬಹುದು. ಸಿಂಟರಿಂಗ್‌ಗೆ ನೀವೇ ಮೊದಲ ಪತ್ರದಲ್ಲಿ ಬೆಸೆದುಕೊಳ್ಳುತ್ತವೆ ಅಂದಿದ್ದೀರಿ. ಅದೇ ಸಾಕು.

ಬಾಗಲಕೋಟೆಯಿಂದ

ಬೆಸೆ ಅಂದರೆ ಪತ್ತಾರರಿಗೆ ಬೆಸುಗೆ ಅನ್ನಿಸುತ್ತದೆ. ಬೆಸುಗೆಯಲ್ಲಿ ನಡುವೆ ಇನ್ನೊಂದು ಲೋಹ ಕರಗಿಸಿ ಸೇರಿಸುತ್ತಾರೆ. ಇಲ್ಲಿ ಏನೂ ಕರಗುವುದಿಲ್ಲ. ಸಿಂಟರಿಂಗ್ ಅಂತಲೇ ಬಿಡಿ, ಇಲ್ಲವೇ ಕಣಗೂಡುವುದು ಅನ್ನಿ. ಪುಟದ ಬಗ್ಗೆ ಖಾನಾಪುರದವರ ಮಾತು ಸರಿ. ವಾಪಸ್ ತೆಗೆದುಕೊಂಡೆ.

ಬೆಳಗಾವಿಯಿಂದ

ಎಲ್ಲರಿಗೂ ದೊಡ್ಡ ನಮಸ್ಕಾರ. ಬೋರ್ಡಿಗೆ ಹೀಗೆ ಕೊಡುತ್ತಿದ್ದೇನೆ: ಕಂಚಿನ ಕಣಕ, ತಾಮ್ರದ ಕಣಕದ ಒಡವೆಗಳು. ಕೆಳಗೆ ಸಣ್ಣದಾಗಿ ಮೆಟಲ್ ಕ್ಲೇ ಅಂತಲೂ ಕನ್ನಡದಲ್ಲೇ ಇರುತ್ತದೆ, ಹುಡುಕಿಕೊಂಡು ಬರುವವರಿಗೆ. ಕರಪತ್ರದಲ್ಲಿ ಸುಡು, ಹಸಿ, ಭಟ್ಟಿ, ಗಂಜಿ. ಕಣಗೂಡು ನನಗೆ ಬಹಳ ಹಿಡಿಸಿತು, ಪಕ್ಕದಲ್ಲಿ ಸಿಂಟರಿಂಗ್ ಅಂತ ಒಂದು ಸಲ ಹೇಳುತ್ತೇನೆ. ಮೇಷ್ಟ್ರೇ, ಭಟ್ಟಿಗೆ ಬೇಜಾರಾಗಬೇಡಿ.

ಒಂದು ಉಳಿದಿದೆ. ಡಬ್ಬಿಗೆ ತುಂಬುವುದು ಆಕ್ಟಿವೇಟೆಡ್ ಕಾರ್ಬನ್. ತೆಂಗಿನ ಕರಟದ್ದಾದರೆ ಒಡವೆ ಮೇಲೆ ನೀಲಿ, ನೇರಳೆ, ಕೆಂಪು ಬಣ್ಣ ಏಳುತ್ತದೆ, ಕಲ್ಲಿದ್ದಲಿನದ್ದಾದರೆ ಬಣ್ಣ ಕಡಿಮೆ, ಲೋಹ ಸ್ವಚ್ಛವಾಗಿ ಬರುತ್ತದೆ. ಪಠ್ಯಪುಸ್ತಕದ ಪದ ಸಕ್ರಿಯ ಇಂಗಾಲ. ಇದ್ದಿಲು ಅಂತ ಬರೆದರೆ ಸಾಕಾ?

ವಿಜಯಪುರದಿಂದ

ಸಕ್ರಿಯ ಇಂಗಾಲ ಸರಿಯಾಗಿದೆ. ಭಟ್ಟಿಗೆ ನನ್ನ ಒಪ್ಪಿಗೆ ಇಲ್ಲ. ಬೋರ್ಡ್ ಚೆನ್ನಾಗಿದೆ.

ಖಾನಾಪುರದಿಂದ

ಬರೀ ಇದ್ದಿಲು ಅಂದರೆ ಇಸ್ತ್ರಿ ಅಂಗಡಿಯ ಇದ್ದಿಲು ತಂದು ಕುಟ್ಟಿ ತುಂಬುತ್ತಾರೆ. ನಾನೂ ಹಿಂದಿನ ಪತ್ರದಲ್ಲಿ ಹಾಗೇ ಬರೆದಿದ್ದೆ, ನಿಮಗೆ ಗೊತ್ತಿದ್ದ ಕಾರಣ ನಡೆಯಿತು. ಕರಪತ್ರಕ್ಕೆ ಫಿಲ್ಟರ್ ಇದ್ದಿಲು ಅನ್ನಿ. ನೀರಿನ ಫಿಲ್ಟರಿಗೆ ಹಾಕುವ ಕಾಳು ಅದೇ, ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಕರಟದ ಫಿಲ್ಟರ್ ಇದ್ದಿಲು, ಕಲ್ಲಿದ್ದಲಿನ ಫಿಲ್ಟರ್ ಇದ್ದಿಲು ಅಂತ ಬೇರೆ ಮಾಡಬಹುದು.

ಅದರ ಕೆಳಗೇ ಇನ್ನೊಂದು ಸಾಲು ದಪ್ಪ ಅಕ್ಷರದಲ್ಲಿ ಹಾಕಿ. ಆ ಡಬ್ಬಿಯೊಳಗೆ ಇದ್ದಿಲು ಸ್ವಲ್ಪವೇ ಗಾಳಿಯಲ್ಲಿ ಉರಿಯುವುದರಿಂದ ಕಾರ್ಬನ್ ಮೊನಾಕ್ಸೈಡ್ ಹೊರಗೆ ಬರುತ್ತದೆ. ದಯವಿಟ್ಟು ಅದನ್ನು ಹೊಗೆ ಅಂತ ಬರೆಯಬೇಡಿ. ಹೊಗೆ ಅಂದರೆ ಕಣ್ಣಿಗೆ ಕಾಣಬೇಕು, ಕಾಣದಿದ್ದರೆ ಏನೂ ಆಗಲ್ಲ ಅಂದುಕೊಳ್ಳುತ್ತಾರೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ವಿಷಗಾಳಿ ಅನ್ನಿ. ಭಟ್ಟಿ ಇರುವ ಕೋಣೆಯ ಕಿಟಕಿ ಬಾಗಿಲು ತೆರೆದಿರಬೇಕು, ಯಾರೂ ಅಲ್ಲಿ ಮಲಗಬಾರದು, ಮಕ್ಕಳನ್ನು ಕೂರಿಸಬಾರದು ಅಂತ ಬಿಡಿಸಿ ಬರೆಯಿರಿ. ನಿಮ್ಮ ಅಂಗಡಿಯ ಹಿಂದಿನ ಕೋಣೆಗೆ ಕಿಟಕಿ ಎಷ್ಟಿದೆ, ತಿಳಿಸಿ.